ಪೇರಳೆ ಎಲೆಯ ಗಮ್ಮು ಮತ್ತು ರೈಟರ ನ್ಯಾಯ

ನಾನೇ ಮಾಡಿಸಿದ ಚೂಯಿಂಗ್ ಗಮ್ ನನ್ನದೇ ಹಲ್ಲಿನ ಸಿಮೆಂಟನ್ನು ಕಿತ್ತುಕೊಂಡು ಬಂದ ದಿನವೇ ಈ ಕೆಲಸ ಸಲೀಸಾಗಿ ಮುಗಿಯುವುದಲ್ಲ ಅಂತ ನನಗೆ ಗೊತ್ತಾಗಬೇಕಿತ್ತು. ಆಗಲಿಲ್ಲ. ಹಲ್ಲಿನ ಡಾಕ್ಟರಾಗಿ ಹಲ್ಲಿನ ಗುಂಡಿಗೆ ನಾಲಿಗೆ ಹಾಕಿಕೊಂಡು, ಗೋಣಿಕೊಪ್ಪದ ಆ ತಗಡಿನ ಶೆಡ್ಡಿನಲ್ಲಿ ನಿಂತು ನಗುತ್ತಿದ್ದೆ. ಆ ನಗು ಹೆಚ್ಚು ದಿನ ಬಾಳಲಿಲ್ಲ.

ಶೆಡ್ಡು ನನ್ನ ಪಿಯುಸಿ ಸಹಪಾಠಿಯದು. ಫುಡ್ ಟೆಕ್ನಾಲಜಿ ಓದಿ ಬಂದು ಹಲಸಿನ ಚಿಪ್ಸು, ಹೋಮ್‌ಮೇಡ್ ಚಾಕೊಲೇಟು, ಪ್ಯಾಶನ್ ಫ್ರೂಟ್ ಸ್ಕ್ವಾಶು ಮಾಡುತ್ತಿದ್ದ. ನಾನು ಡೆಂಟಲ್ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ವಾರಕ್ಕೊಮ್ಮೆ ಎಸ್ಟೇಟುಗಳ ಲೈನುಗಳಿಗೆ, ಅಂದರೆ ಕೆಲಸಗಾರರ ಸಾಲುಮನೆಗಳಿಗೆ, ಕ್ಯಾಂಪಿಗೆ ಹೋಗುತ್ತಿದ್ದೆ. ಕ್ಯಾಂಪ್ ಅಂದರೆ ಏನು? ಕಿತ್ತು ಹಾಕುವುದು. ಹುಳುಕು ಹಲ್ಲು ಬೇರಿನವರೆಗೆ ಹೋಗಿ, ದವಡೆ ಊದಿ, ರಾತ್ರಿಯೆಲ್ಲ ಲವಂಗ ಕಚ್ಚಿಕೊಂಡು ಕೂತ ಮೇಲೆಯೇ ಅವರು ನನ್ನ ಹತ್ತಿರ ಬರುವುದು. ಅಷ್ಟು ಹೊತ್ತಿಗೆ ಉಳಿಸಲು ಏನೂ ಉಳಿದಿರುವುದಿಲ್ಲ. ವರ್ಷಗಟ್ಟಲೆ ಓದಿ ನಾನು ಕಲಿತದ್ದು ಇಕ್ಕಳ ಹಿಡಿಯುವುದೊಂದೇ ಆಯಿತಲ್ಲ ಅಂತ ಮೈಯೆಲ್ಲ ಉರಿಯುತ್ತಿತ್ತು.

ಒಂದು ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಹೆಂಗಸರ ಗುಂಪಿಗೆ ಮುಂದಾಳಾಗಿದ್ದ ಅಕ್ಕ ಒಬ್ಬರಿದ್ದರು. ತಾತನ ಕಾಲದಲ್ಲಿ ತಮಿಳುನಾಡಿನಿಂದ ಬಂದ ಕುಟುಂಬ. ಇಡೀ ಲೈನಿನ ದನಿ ಅವರದೇ. ಅವರದೊಂದು ದವಡೆ ಹಲ್ಲು ಕಿತ್ತು ಹತ್ತಿ ಇಟ್ಟಾಗ, ಆ ಹತ್ತಿಯ ಸಂದಿಯಿಂದಲೇ ಕೇಳಿದ್ದರು.

"ಎನ್ನ ಡಾಕ್ಟ್ರಮ್ಮ, ಬರೋವಾಗೆಲ್ಲ ಕಿತ್ಕೊಂಡ್ ಹೋಗ್ತೀರಿ. ಬಾಕಿ ಇರೋದು ಉಳಿಯೋಕೆ ಒಂದ್ ಮದ್ದು ಕೊಡಕ್ಕಾಗಲ್ವಾ ನಿಮ್ ಕೈಲಿ?"

"ಹಲ್ಲುಜ್ಜಿ ಅಕ್ಕ. ಎರಡು ಹೊತ್ತು."

"ಉಜ್ಜಾಯ್ತು ಬಿಡಿ. ಬೆಳಿಗ್ಗೆ ಅನ್ನ ಬೇಯಿಸ್ಬೇಕಾ, ನೀರು ಹಿಡೀಬೇಕಾ, ಮಸ್ಟರು ಹಾಜರಿಗೆ ಓಡ್ಬೇಕಾ? ಬಾಯಿಗೆ ಎಲೆ ಅಡಿಕೆ ಹಾಕೋಕೆ ಮಾತ್ರ ಟೈಮ್ ಇರೋದು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಇವರ ಬಾಯಿ ಖಾಲಿ ಇರುವ ಹೊತ್ತೇ ಇಲ್ಲ. ಏನಾದರೊಂದು ಜಗಿಯುತ್ತಲೇ ಇರುತ್ತಾರೆ. ಜಗಿಯುವುದನ್ನೇ ಹಲ್ಲಿಗೆ ಒಳ್ಳೆಯದಾಗುವ ಹಾಗೆ ಮಾಡಿದರೆ? ಪೇರಳೆ ಎಲೆಯನ್ನು ನೋವಿನ ಹಲ್ಲಿಗೆ ಅಗಿದು ಇಟ್ಟುಕೊಳ್ಳುವುದು ಲೈನಿನಲ್ಲಿ ಎಲ್ಲರಿಗೂ ಗೊತ್ತು. ಎಲೆಯ ಒಗರಿನಲ್ಲಿರುವ ಅಂಶಗಳು ಹುಳುಕು ತರುವ ಬ್ಯಾಕ್ಟೀರಿಯಾ ಹಲ್ಲಿಗೆ ಅಂಟಿಕೊಳ್ಳುವುದನ್ನು ತಡೆಯುತ್ತವೆ. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ತಟ್ಟೆಯ ಮೇಲೆ ನಾನೇ ನೋಡಿದ್ದೆ. ತಟ್ಟೆಗೆ ಹಸಿವಿಲ್ಲ, ಅದು ಅನ್ನ ತಿನ್ನುವುದಿಲ್ಲ, ಬೆಲ್ಲದ ಕಾಫಿ ಕುಡಿಯುವುದಿಲ್ಲ. ಬಾಯಲ್ಲಿ ಏನಾಗುತ್ತದೆ ಅನ್ನುವುದೇ ಪ್ರಶ್ನೆ. ಅಕ್ಕನಿಗೆ ನಾನು ಉತ್ತರ ಕೊಡಬೇಕಿದ್ದದ್ದೂ ಅದಕ್ಕೇ.

ಹಾಗೆ ನಾವು ಗಮ್ ಮಾಡಲು ಹೊರಟೆವು. ಗಮ್ ಬೇಸ್ ಅನ್ನುವ ರಬ್ಬರಿನಂಥ ಹರಳುಗಳನ್ನು ಮೆತ್ತಗಾಗುವವರೆಗೆ ಬಿಸಿ ಮಾಡಬೇಕು, ಹಲ್ಲು ಕೆಡಿಸದ ಸಿಹಿಪುಡಿಯನ್ನು ಸ್ವಲ್ಪಸ್ವಲ್ಪವೇ ಸೇರಿಸಿ ನಾದಬೇಕು, ಕಾವು ಇಳಿದ ಮೇಲೆ ಕೊನೆಗೆ ಎಲೆಯ ಸಾರದ ಪುಡಿ ಹಾಕಬೇಕು. ಬಿಸಿಯಲ್ಲೇ ಹಾಕಿದರೆ ಸಾರ ಕೆಡುತ್ತದೆ, ತಣ್ಣಗಾದ ಮೇಲೆ ಹಾಕಿದರೆ ಬೆರೆಯುವುದಿಲ್ಲ. ಮೊದಲ ಸಲ ಮಾಡಿದ್ದು ಬಾಯಿಗೆ ಹಾಕಿದ ತಕ್ಷಣ ಹಳೆಯ ಗೋಡೆಯ ಗಾರೆಯ ಹಾಗೆ ಉದುರಿತು. ಎರಡನೆಯದು ನನ್ನ ಸಿಮೆಂಟು ಕಿತ್ತದ್ದು. ಮೂರನೆಯದನ್ನು ಹದವಾಗಿ ಲಟ್ಟಿಸಿ, ಕತ್ತರಿಸಿ, ತಟ್ಟೆಯಲ್ಲಿ ಹರಡಿ ಮನೆಗೆ ಹೋದೆವು. ಸೆಪ್ಟೆಂಬರ್ ತಿಂಗಳು. ಬೆಳಿಗ್ಗೆ ಬಂದು ನೋಡಿದರೆ ಗಾಳಿಯ ಪಸೆಯನ್ನೆಲ್ಲ ಕುಡಿದು ತುಂಡುಗಳು ಒಂದಕ್ಕೊಂದು ಅಂಟಿ ಒಂದೇ ರೊಟ್ಟಿಯಾಗಿದ್ದವು.

"ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿದ ಹಾಗಾಯ್ತು ನಮ್ಮ ಕಥೆ," ಅಂದ ಸಹಪಾಠಿ. "ನೀನು ಸುಮ್ಮನೆ ಹಲ್ಲು ಕೀಳ್ಕೊಂಡು ಇರಬಾರದಿತ್ತಾ ಮಾರಾಯ್ತಿ?"

ಕೊನೆಗೆ ಚಾಕೊಲೇಟ್ ಇಡುವ ಏಸಿ ಕೋಣೆಯಲ್ಲಿ ಒಣಗಿಸಿ, ಒಂದೊಂದು ತುಂಡಿಗೂ ಮೇಣದ ಕಾಗದ ಸುತ್ತಿದೆವು. ಜಗಿಯಲು ಬರುವ ಗಮ್ ಆಯಿತು. ಒಗರಿತ್ತು. ಪುದೀನ ಹಾಕಿದ್ದೇವಲ್ಲ, ಗೊತ್ತಾಗುವುದಿಲ್ಲ ಅಂದುಕೊಂಡೆವು. ಅದು ನಮ್ಮ ಮೊದಲ ದಡ್ಡತನ. ಪರೀಕ್ಷೆಗೆ ಬೇಕಲ್ಲ ಅಂತ ಪೇರಳೆ ಸಾರವೇ ಇಲ್ಲದ, ನೋಡಲು ಅದೇ ಬಣ್ಣದ ಸಪ್ಪೆ ಗಮ್ಮನ್ನೂ ಮಾಡಿದೆವು. ಕಾಲೇಜಿನ ಆಫೀಸಿನವರು ಒಂದು ಬಗೆಯನ್ನು 'ಕ' ಡಬ್ಬಿಗೆ, ಇನ್ನೊಂದನ್ನು 'ಗ' ಡಬ್ಬಿಗೆ ತುಂಬಿದರು. ಯಾವುದು ಯಾವುದರಲ್ಲಿ ಅನ್ನುವ ಚೀಟಿ ಕಾಲೇಜಿನ ಆಫೀಸಿನಲ್ಲಿ ಅರಗಿನ ಮೊಹರಿನೊಳಗೆ. ನನಗೂ ಗೊತ್ತಿರಬಾರದು. ಗೊತ್ತಿದ್ದರೆ ನನ್ನ ಕಣ್ಣು ನನಗೆ ಬೇಕಾದ್ದನ್ನೇ ನೋಡುತ್ತದೆ.

ಪರೀಕ್ಷೆ ನಡೆದದ್ದು ಅಕ್ಕನ ಎಸ್ಟೇಟಿನಲ್ಲೇ. ನವೆಂಬರಿನಲ್ಲಿ ಪಿಕ್ಕಿಂಗ್ ಶುರುವಾದಾಗಿನಿಂದ ಫೆಬ್ರವರಿಯವರೆಗೆ. ಆ ತಿಂಗಳುಗಳಲ್ಲಿ ಹೆಂಗಸರು ದಿನವೂ ತಪ್ಪದೆ ಕೆಲಸಕ್ಕೆ ಬರುತ್ತಾರೆ. ಒಪ್ಪಿದವರ ಹೆಸರನ್ನು ಆಫೀಸಿನವರಿಂದಲೇ ಚೀಟಿ ಎತ್ತಿಸಿ ಎರಡು ಪಟ್ಟಿ ಮಾಡಿಸಿದೆ. ಒಂದನೇ ಪಟ್ಟಿಗೆ ದಿನಾ 'ಕ' ಡಬ್ಬಿಯಿಂದ ಮೂರು, ಎರಡನೇ ಪಟ್ಟಿಗೆ ದಿನಾ 'ಗ' ಡಬ್ಬಿಯಿಂದ ಮೂರು. ಕಾಫಿ ತಿಂಡಿಯಾದ ಮೇಲೊಂದು, ಮಧ್ಯಾಹ್ನ ಊಟದ ಮೇಲೊಂದು, ರಾತ್ರಿ ಒಂದು. ಒಂದೊಂದನ್ನೂ ಕಾಲು ಗಂಟೆ ಜಗಿಯಬೇಕು.

ಹಂಚುವ ಕೆಲಸ ಎಸ್ಟೇಟಿನ ರೈಟರಿಗೆ. ಹಾಜರಿ ಬರೆದು ಕೆಲಸ ಹಂಚುವ ಗುಮಾಸ್ತರನ್ನು ಇಲ್ಲಿ ರೈಟರ್ ಅಂತಲೇ ಕರೆಯುವುದು. ಸಂಪಾಜೆ ಕಡೆಯ ಗೌಡರು, ಐವತ್ತು ದಾಟಿದವರು. ಇಸ್ತ್ರಿ ಮಾಡಿದ ಅಂಗಿ, ಕಿವಿಯ ಮೇಲೆ ಪೆನ್ನು. ಅವರ ಪುಸ್ತಕದಲ್ಲಿ ಒಂದು ಅಕ್ಷರ ಗೆರೆ ದಾಟಿದ್ದನ್ನು ಯಾರೂ ನೋಡಿದವರಿಲ್ಲ. ಇಂಥವರು ಸಿಕ್ಕಿದ್ದು ನನ್ನ ಪುಣ್ಯ ಅಂದುಕೊಂಡೆ. ಮೂರು ಸಲ ಬಿಡಿಸಿ ಹೇಳಿದೆ.

"ಯಾರಿಗೆ ಯಾವ ಗಮ್ ಹೋಗ್ತಾ ಇದೆ ಅಂತ ಯಾರ ಹತ್ತಿರವೂ ಮಾತಾಡಬಾರದು ರೈಟರೇ. ಮ್ಯಾನೇಜರ್ ಕೇಳಿದ್ರೂ ಹೇಳಬಾರದು. ನಾನು ಕೇಳಿದ್ರೂ ಹೇಳಬಾರದು. ಪರೀಕ್ಷೆ ಮುಗಿಯೋವರೆಗೆ ನಿಮ್ಮ ಪುಸ್ತಕ ನನಗೆ ತೋರಿಸಲೇಬಾರದು."

"ಎಂತ ಮೇಡಂ ನೀವು, ಅಷ್ಟು ಹೇಳ್ಬೇಕಾ? ನನ್ನ ಹೊಟ್ಟೆಯಿಂದ ಒಂದು ಮಾತು ಹೊರಗೆ ಬರೂದಿಲ್ಲ," ಅಂದರು.

ನಿಜಕ್ಕೂ ಬರಲಿಲ್ಲ.

ಆ ಪಿಕ್ಕಿಂಗ್ ಕಾಲದಲ್ಲಿ ನಾನು ಪಟ್ಟ ಪಾಡು ನನಗೇ ಗೊತ್ತು. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಮಸ್ಟರಿಗೆ ಮುಂಚೆ ಹೋಗಿ, ಒಬ್ಬೊಬ್ಬರ ಜೊಲ್ಲನ್ನು ಪುಟ್ಟ ಟ್ಯೂಬಿನಲ್ಲಿ ಹಿಡಿದು, ಐಸ್ ಡಬ್ಬಿಯಲ್ಲಿಟ್ಟು, ಜೀಪಿನಲ್ಲಿ ಮಡಿಲ ಮೇಲೆ ಮಗುವನ್ನು ಕೂರಿಸಿಕೊಂಡಂತೆ ಕಾಲೇಜಿಗೆ ತರಬೇಕು. ಆಮೇಲೆ ಅದರಲ್ಲಿ ಬ್ಯಾಕ್ಟೀರಿಯಾ ಎಷ್ಟು ಬೆಳೆಯುತ್ತದೆ ಅಂತ ನೋಡಬೇಕು. ಹಲ್ಲಿನ ಮೇಲಿನ ಪಾಚಿ ಎಷ್ಟಿದೆ ಅಂತ ತಿಳಿಯಲು ಕೆಂಪು ಬಣ್ಣದ ದ್ರವ ಹಚ್ಚಬೇಕು. ಪಾಚಿ ಇದ್ದಲ್ಲಿ ಕೆಂಪು ನಿಲ್ಲುತ್ತದೆ. ಮೊದಲ ದಿನ ಹಚ್ಚಿ ಬಾಯಿ ತೆಗೆಸಿದರೆ ಎಲ್ಲರ ಬಾಯೂ ಕೆಂಪೋ ಕೆಂಪು! ಎಲೆ ಅಡಿಕೆ ಸುಣ್ಣ ಮೆದ್ದು ಬಂದು ಕೂತಿದ್ದಾರೆ. ಯಾವುದು ನನ್ನ ಬಣ್ಣ, ಯಾವುದು ಅವರ ಬಣ್ಣ? ತಲೆ ಚಚ್ಚಿಕೊಂಡೆ. ಪರೀಕ್ಷೆಯ ಹಿಂದಿನ ಸಂಜೆಯಿಂದ ಎಲೆ ಅಡಿಕೆ ಮುಟ್ಟಬಾರದು ಅಂದದ್ದಕ್ಕೆ ಅಕ್ಕ ಇಡೀ ಗುಂಪಿನ ಪರವಾಗಿ ನನ್ನ ಜೊತೆ ಜಗಳಕ್ಕೇ ನಿಂತರು. ತಲೆ ಸಿಡಿಯುತ್ತದಂತೆ, ಕಾಲು ಏಳುವುದಿಲ್ಲವಂತೆ. ನಿಮ್ಮ ಹಲ್ಲಿಗೋಸ್ಕರ ತಾನೇ ಅಕ್ಕ ಅಂತ ಕೈ ಮುಗಿದ ಮೇಲೆ, ಹದಿನೈದು ದಿನಕ್ಕೊಂದು ರಾತ್ರಿ ಮಾತ್ರ, ಅದಕ್ಕಿಂತ ಒಂದು ಗಳಿಗೆ ಹೆಚ್ಚಿಲ್ಲ ಅಂತ ರಾಜಿಯಾಯಿತು.

ಒಂದು ಸಲ ಜೀಪು ಕೆಟ್ಟು ಐಸೆಲ್ಲ ಕರಗಿ ಆ ದಿನದ ಟ್ಯೂಬುಗಳನ್ನು ಚೆಲ್ಲಬೇಕಾಯಿತು. ಇನ್ನೊಂದು ಸಲ ಆನೆ ಬಂದಿದೆ ಅಂತ ಲೈನಿನಿಂದ ಯಾರನ್ನೂ ಹೊರಗೆ ಬಿಡಲಿಲ್ಲ. ಇಷ್ಟೆಲ್ಲದರ ನಡುವೆ ಒಂದೇ ಒಂದು ವಿಷಯದಲ್ಲಿ ನಾನು ನಿಶ್ಚಿಂತೆಯಿಂದ ಇದ್ದೆ. ಗಮ್ ಹಂಚುವ ಕೆಲಸ ರೈಟರ ಕೈಯಲ್ಲಿದೆ, ಅಲ್ಲಿ ತಪ್ಪಾಗಲು ಸಾಧ್ಯವೇ ಇಲ್ಲ.

ಮಾರ್ಚಿನಲ್ಲಿ ಮೊಹರು ಒಡೆದರು. 'ಕ' ಡಬ್ಬಿಯದು ಪೇರಳೆ ಗಮ್, 'ಗ' ಡಬ್ಬಿಯದು ಸಪ್ಪೆ. ನಾನು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ಪಟ್ಟಿಯವರ ಬಾಯಿ ಮೊದಲಿಗಿಂತ ಸ್ವಲ್ಪ ಸುಧಾರಿಸಿತ್ತು. ಒಂದೇ ಸಮ. ಕೂದಲೆಳೆಯಷ್ಟು ವ್ಯತ್ಯಾಸವೂ ಇಲ್ಲ. ಇನ್ನೊಮ್ಮೆ ನೋಡಿದೆ. ಕನ್ನಡಕ ಒರೆಸಿ ಮತ್ತೊಮ್ಮೆ ನೋಡಿದೆ. ಒಳ್ಳೆಯದಾಗದಿದ್ದರೂ ಬೇಡ, ಮನುಷ್ಯರ ಬಾಯಲ್ಲಿ ಆ ಕಡೆ ಈ ಕಡೆ ಒಂದಿಷ್ಟು ಏರುಪೇರಾದರೂ ಇರಬೇಕಲ್ಲ! ಇದು ಅಳೆದು ಹೊಯ್ದ ಹಾಗಿತ್ತು.

ಸಹಪಾಠಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ಪೇರಳೆ ಎಲೆ ಸುಳ್ಳಾ?" ಅಂದ. ನನಗೆ ಅಳುವೇ ಬಂತು.

ಆ ವಾರ ಎಸ್ಟೇಟಿಗೆ ಹೋದದ್ದು ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಬರಲು. ಕಣದಲ್ಲಿ ಕೊನೆಯ ಕಾಫಿ ಒಣಗುತ್ತಿತ್ತು. ಅಕ್ಕ ಅದನ್ನು ಕೆದಕುತ್ತಿದ್ದರು. ಮೊಹರು ಒಡೆದಾಗಿದೆ, ಇನ್ನು ಮುಚ್ಚಿಡುವುದೇನಿದೆ ಅಂತ ಸುಮ್ಮನೆ ಮಾತಿಗೆ ಕೇಳಿದೆ.

"ನಿಮಗೆ ಸಿಗ್ತಿದ್ದ ಗಮ್ ಹೇಗಿತ್ತು ಅಕ್ಕ, ಒಗರಾ ಸಪ್ಪೆಯಾ?"

"ಯಾವತ್ತಿಂದು ಕೇಳ್ತೀರಿ?"

"ಯಾವತ್ತಿಂದು ಅಂದ್ರೆ?"

"ಇವತ್ತು ಒಗರು ಬಂದ್ರೆ ನಾಳೆ ಸಪ್ಪೆ. ನಾಳಿದ್ದು ಇನ್ನೊಂದ್ ಸಲ ಒಗರು. ಎಲ್ಲಾರ್ಗೂ ಅಂಗೇ ತಾನೆ? ಒಗರಿಂದು ನಮಗೆಲ್ಲ ಇಷ್ಟ ಡಾಕ್ಟ್ರಮ್ಮ, ಅಡಿಕೆ ಥರ ಬಾಯಿ ಹಿಡ್ಕೊಳ್ಳತ್ತೆ. ಸಪ್ಪೇದು ಮಕ್ಕಳು ತಿನ್ನೋ ಮಿಠಾಯಿ."

ನಾನು ಕಣದ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಮೇಲೆ ಎದ್ದು ಆಫೀಸಿಗೆ ಹೋದ ರಭಸಕ್ಕೆ ರೈಟರು ಕುರ್ಚಿಯಿಂದ ಅರ್ಧ ಎದ್ದರು.

"ಪುಸ್ತಕ ಕೊಡಿ ರೈಟರೇ."

ಕೊಟ್ಟರು. ಹೆಸರಿನ ಮುಂದೆ ಹೆಸರು, ದಿನದ ಮುಂದೆ ದಿನ, ಮುತ್ತಿನಂಥ ಅಕ್ಷರ. ಕ, ಗ, ಕ, ಗ, ಕ, ಗ. ಒಂದನೇ ಪಟ್ಟಿಗೆ 'ಕ' ಇದ್ದ ದಿನ ಎರಡನೇ ಪಟ್ಟಿಗೆ 'ಗ'. ಮಾರನೇ ದಿನ ತಿರುಗುಮುರುಗು. ಒಂದು ದಿನ ತಪ್ಪಿಲ್ಲ. ಹುತ್ತರಿ ಹಬ್ಬದ ರಜೆಗೆ ಮುಂಗಡವಾಗಿ ಕೊಟ್ಟದ್ದನ್ನೂ ಸರಿಯಾಗಿ ಪಾಲು ಮಾಡಿದ್ದಾರೆ.

"ಏನಿದು?"

"ಸರದಿ ಮೇಡಂ."

"ಯಾರು ಹೇಳಿದ್ರು ಸರದಿ ಮಾಡಿ ಅಂತ?"

"ಯಾರು ಹೇಳೂದು ಎಂತ? ಮೊದಲನೇ ದಿನ ಸಂಜೆಯೇ ನೀರಿನ ಟ್ಯಾಪಿನ ಹತ್ತಿರ ಗಲಾಟೆ ಎದ್ದಿತು. ಅವರಿಗೆ ಮಾತ್ರ ಒಗರಿಂದು ಯಾಕೆ, ನಮಗೆ ಮಾತ್ರ ಸಪ್ಪೆ ಯಾಕೆ ಅಂತ. ಪಿಕ್ಕಿಂಗಲ್ಲಿ ನಾವು ಎಂತ ಮಾಡ್ತೇವೆ? ಒಂದು ಸಾಲಲ್ಲಿ ಹಣ್ಣು ಜಾಸ್ತಿ ಉಂಟು, ಒಂದು ಸಾಲಲ್ಲಿ ಕಮ್ಮಿ. ದಿನಾ ಒಬ್ಬಳಿಗೇ ಒಳ್ಳೆ ಸಾಲು ಕೊಟ್ರೆ ಆಗ್ತದಾ? ದಿನಾ ಸಾಲು ಬದಲಿಸ್ತೇವೆ. ಇದಕ್ಕೂ ಹಾಗೇ ಮಾಡಿದೆ. ಒಬ್ಬರಿಗೂ ಅನ್ಯಾಯ ಆಗ್ಲಿಲ್ಲ ಮೇಡಂ, ಅದಕ್ಕೆ ನಾನು ಗ್ಯಾರಂಟಿ."

"ನನಗೆ ಒಂದು ಮಾತು ಹೇಳಬಾರದಿತ್ತಾ ಪುಣ್ಯಾತ್ಮರೇ?"

ರೈಟರ ಮುಖದಲ್ಲಿ ನಿಜವಾದ ಅಚ್ಚರಿ ಕಂಡಿತು. "ನಿಮಗೂ ಹೇಳಬಾರದು ಅಂತ ನೀವೇ ಹೇಳಿದ್ದಲ್ಲವಾ? ಮೂರು ಸಲ ಹೇಳಿದ್ರಿ. ಮ್ಯಾನೇಜರು ಎರಡು ಸಲ ಕೇಳಿದ್ರು, ಅವರಿಗೂ ನಾನು ಹೇಳ್ಲಿಲ್ಲ."

ಏನು ಹೇಳಲಿ! ವಾರಕ್ಕೊಮ್ಮೆ ಬದಲಿಸಿದ್ದರೂ ಲೆಕ್ಕದಲ್ಲಿ ಏನಾದರೂ ಹೆಕ್ಕಬಹುದಿತ್ತೇನೋ. ದಿನಕ್ಕೊಮ್ಮೆ! ಎಲ್ಲರ ಬಾಯಿಗೂ ಸರಿಯಾಗಿ ಅರ್ಧ ಪೇರಳೆ, ಅರ್ಧ ಸಪ್ಪೆ. ಇಡೀ ಪಿಕ್ಕಿಂಗ್ ಕಾಲದ ನನ್ನ ಓಡಾಟ, ಐಸ್ ಡಬ್ಬಿ, ಜಗಳ, ಕೈ ಮುಗಿದದ್ದು, ಎಲ್ಲವೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅದನ್ನೂ ಇಷ್ಟು ಅಚ್ಚುಕಟ್ಟಾಗಿ, ಇಷ್ಟು ನ್ಯಾಯವಾಗಿ ತೊಳೆದುಕೊಟ್ಟವರನ್ನು ನಾನು ಇನ್ನೊಬ್ಬರನ್ನು ಕಂಡಿಲ್ಲ.

ಜೀಪಿನಲ್ಲಿ ಕೂತು ಒಬ್ಬಳೇ ಅವರಿಗೆ ಬೈದೆ. ವಿಜ್ಞಾನ ಗೊತ್ತಿಲ್ಲದವರ ಕೈಗೆ ಕೊಟ್ಟರೆ ಹೀಗೇ ಆಗುವುದು ಅಂತ ಬೈದೆ. ಕಾಲೇಜು ಹತ್ತಿರ ಬರುವ ಹೊತ್ತಿಗೆ ಬೈಗುಳ ನನ್ನ ಕಡೆಗೇ ತಿರುಗಿತ್ತು. ಎರಡು ಪಟ್ಟಿಯ ಹೆಂಗಸರೂ ಒಂದೇ ಟ್ಯಾಪಿನಲ್ಲಿ ನೀರು ಹಿಡಿಯುತ್ತಾರೆ, ಒಂದೇ ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ. ಆಫೀಸಿನಿಂದ ಏನು ಬಂದರೂ, ಕಂಬಳಿಯಾಗಲಿ ಹಬ್ಬದ ಸಿಹಿಯಾಗಲಿ, ಲೈನಿನಲ್ಲಿ ಸಮಪಾಲು. ಇದನ್ನು ಐದು ವರ್ಷದಿಂದ ಕಣ್ಣಾರೆ ನೋಡಿದವಳು ನಾನು. ಒಂದು ದಿನವಾದರೂ ಕೂತು, ಇಲ್ಲಿ ಹಂಚುವುದು ಹೇಗೆ ಅಂತ ಕೇಳಿದೆನಾ? ಇಲ್ಲ. ಬಾಯಿ ತೆಗೆಯಿರಿ ಅಂತಷ್ಟೇ ಹೇಳಿದ್ದೆ.

ನಮ್ಮ ವಿಭಾಗದ ಮುಖ್ಯಸ್ಥರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟವರಲ್ಲ. ಈ ಪರೀಕ್ಷೆಯ ಮೇಲೆ ನಿಂತಿದ್ದ ನನ್ನ ಪಿಎಚ್‌ಡಿ ಇನ್ನು ಎಳೆದಾಡದೆ ಮುಗಿಯಲಿ ಅನ್ನುವ ಆಸೆ ಅವರಿಗೆ.

"ನೋಡಮ್ಮ, ಮೊದಲಿಗಿಂತ ಎಲ್ಲರ ಬಾಯೂ ಸುಧಾರಿಸಿದೆ, ಇದು ಸುಳ್ಳಲ್ಲ. ಎಲ್ಲರೂ ಪೇರಳೆ ಗಮ್ ತಿಂದಿದ್ದಾರೆ, ಅದೂ ಸುಳ್ಳಲ್ಲ. ಎರಡನ್ನೂ ಸೇರಿಸಿ ಬರಿ. ಆ ಪುಸ್ತಕ ಯಾರು ಕೇಳ್ತಾರೆ?"

"ಸಪ್ಪೆ ಗಮ್ ಜಗಿದ್ರೂ ಜೊಲ್ಲು ಹೆಚ್ಚಾಗಿ ಬಾಯಿ ತೊಳೆಯುತ್ತೆ ಸರ್. ಸಾಲದ್ದಕ್ಕೆ ಹದಿನೈದು ದಿನಕ್ಕೊಮ್ಮೆ ನಾನು ಬಾಯಿ ನೋಡೋಕೆ ಬರ್ತೀನಿ ಅಂತ ಹಲ್ಲುಜ್ಜೋಕೆ ಶುರು ಮಾಡಿದವರೂ ಇದ್ದಾರೆ. ಪೇರಳೆಯಿಂದಲೇ ಅಂತ ಹೇಗೆ ಬರೀಲಿ?"

"ಪೇರಳೆಯಿಂದಲೇ ಅಂತ ಬರೀಬೇಡ. ಓದುವವರು ಹಾಗೆ ತಿಳ್ಕೊಂಡ್ರೆ ಅದು ಅವರಿಗೆ ಬಿಟ್ಟದ್ದು. ಯೋಚನೆ ಮಾಡು."

ಯೋಚನೆ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಒಂದು ವಾರ ಗಂಭೀರವಾಗಿಯೇ ಯೋಚನೆ ಮಾಡಿದೆ. ಸಹಪಾಠಿ ಆಗಲೇ ಪ್ಯಾಕೆಟ್ಟಿನ ಚಿತ್ರ ಬರೆಸಿದ್ದ. ಹಸಿರು ಎಲೆ, ನಗುವ ಬಾಯಿ. ಕೆಳಗೆ ಒಂದು ಸಾಲು ಖಾಲಿ ಬಿಟ್ಟಿದ್ದ. "ಹುಳುಕು ತಡೆಯುತ್ತೆ ಅಂತ ಹಾಕಲಾ, ಬೇಡವಾ? ನೀನು ಹೂಂ ಅಂದ್ರೆ ಹಾಕ್ತೀನಿ, ಬೇಡ ಅಂದ್ರೆ ಇಲ್ಲ," ಅಂದ. ಒಂದು ಹೂಂ. ಅಷ್ಟೇ ಬೇಕಿದ್ದದ್ದು.

ಮುಂದಿನ ಕ್ಯಾಂಪಿನಲ್ಲಿ ಅಕ್ಕ ಬಂದು ಕುರ್ಚಿಯಲ್ಲಿ ಕೂತರು. ಕೆನ್ನೆ ಊದಿತ್ತು. ಎಡಗಡೆಯ ಹಲ್ಲು, ಪರೀಕ್ಷೆಗೆ ಮುಂಚಿನಿಂದಲೇ ಹುಳುಕಿದ್ದದ್ದು, ಈಗ ಬೇರಿನವರೆಗೆ ಹೋಗಿತ್ತು. ಕೀಳದೆ ಬೇರೆ ದಾರಿ ಇರಲಿಲ್ಲ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಕಾಯುವಾಗ ಅವರು ಹೇಳಿದರು.

"ಆ ಗಮ್ಮು ಅಂಗಡಿಗೆ ಬರತ್ತಂತಲ್ಲ? ರೈಟರ್ ಹೇಳಿದ್ರು. ನಾನು ಮಗಳ ಹತ್ರ ಹೇಳಿಟ್ಟಿದೀನಿ. ಬಂದ್ರೆ ಅದನ್ನೇ ತಿನ್ನೋದು, ಡಾಕ್ಟ್ರಮ್ಮ ನಮ್ ಬಾಯಲ್ಲೇ ನೋಡಿ ಮಾಡಿರೋದು ಅಂತ. ಅದು ತಿಂದ್ರೆ ಉಜ್ಜೋ ಕೆಲಸ ಇಲ್ಲ ಅಲ್ವಾ?"

ಇಕ್ಕಳ ನನ್ನ ಕೈಯಲ್ಲೇ ಇತ್ತು. ನಾನು ಒಂದು ಸಾಲು ಜಾಣತನದಿಂದ ಬರೆದರೆ, ಈ ಹೆಂಗಸು ಅದನ್ನು ನಂಬಿ ಮಗಳ ಬ್ರಷ್ಷನ್ನೂ ಮೂಲೆಗಿಡುತ್ತಾಳೆ. ಆಮೇಲೆ ಕೆನ್ನೆ ಊದಿಸಿಕೊಂಡು ಇದೇ ಕುರ್ಚಿಗೆ ಬಂದು ಕೂರುವವಳು ಆ ಮಗಳು.

"ಇಲ್ಲ ಅಕ್ಕ," ಅಂದೆ. "ಉಜ್ಜಲೇಬೇಕು. ಮತ್ತೆ ಆ ಗಮ್ ಕೆಲಸ ಮಾಡುತ್ತೋ ಇಲ್ವೋ ನನಗೆ ಗೊತ್ತಿಲ್ಲ. ನಮ್ಮ ಪರೀಕ್ಷೆ ಹಾಳಾಯ್ತು. ಎಲ್ಲರೂ ಎರಡನ್ನೂ ತಿಂದ್ರಲ್ಲ, ಅದಕ್ಕೆ ಏನೂ ಗೊತ್ತಾಗಲಿಲ್ಲ."

"ಅಷ್ಟು ದಿನ ತಿಂದಿದ್ದು?"

"ನೀರಲ್ಲಿ ಹೋಮ."

ಅಕ್ಕ ಏನೋ ಬೈದರು. ಅರ್ಧ ನಾಲಿಗೆ ಮರಗಟ್ಟಿದ್ದರಿಂದ ಯಾರಿಗೆ ಬೈದದ್ದು ಅಂತ ತಿಳಿಯಲಿಲ್ಲ. ಹಲ್ಲು ಕಿತ್ತೆ. ಆ ಸಂಜೆ ಸಹಪಾಠಿಗೆ ಪ್ಯಾಕೆಟ್ಟಿನ ಸಾಲು ಖಾಲಿಯೇ ಇರಲಿ ಅಂದೆ. ಮುಖ್ಯಸ್ಥರಿಗೆ ಪರೀಕ್ಷೆ ಅಸಿಂಧು ಅಂತ ಬರೆದುಕೊಟ್ಟೆ, ಕಾರಣದ ಜಾಗದಲ್ಲಿ 'ಹಂಚಿಕೆಯ ಕ್ರಮವನ್ನು ನಾನು ಮೊದಲೇ ವಿಚಾರಿಸಲಿಲ್ಲ' ಅಂತ ಬರೆದೆ. ಅವರು ಅದನ್ನು ಎರಡು ಸಲ ಓದಿ ನಿಟ್ಟುಸಿರು ಬಿಟ್ಟರು. ಇನ್ನೊಂದು ಪರೀಕ್ಷೆ ಅಂದರೆ ಇನ್ನೊಂದು ಪಿಕ್ಕಿಂಗ್ ಬರುವವರೆಗೆ ಕಾಯಬೇಕು. ನನ್ನ ಪಿಎಚ್‌ಡಿಯೂ ಕಾಯಬೇಕು.

ಕ್ಷಮೆ ಕೇಳಲೋ ಜಗಳಕ್ಕೋ ತಿಳಿಯದೆ ರೈಟರ ಹತ್ತಿರ ಮತ್ತೆ ಹೋದೆ. ಈ ಸಲ ಕೂತು ಮೊದಲಿಂದ ವಿವರಿಸಿದೆ, ಎರಡು ಗುಂಪು ಯಾಕೆ ಬೇರೆಬೇರೆಯಾಗಿಯೇ ಇರಬೇಕು ಅಂತ. ಅವರು ಪೆನ್ನನ್ನು ಕಿವಿಯಿಂದ ತೆಗೆದು ಮತ್ತೆ ಕಿವಿಗಿಟ್ಟರು. ಮುಖ ಸಣ್ಣಗಾಗಿತ್ತು.

"ಇದನ್ನು ನೀವು ಆಗಲೇ ಹೇಳ್ಬೇಕಿತ್ತು ಮೇಡಂ."

"ಹೌದು. ಹೇಳಬೇಕಿತ್ತು."

"ಒಂದೇ ಲೈನಲ್ಲಿ ಎರಡು ಬಗೆ ಕೊಟ್ರೆ ನಾನು ಬಿಟ್ರೂ ಅವರು ಬಿಡೂದಿಲ್ಲ. ತಾವೇ ಬದಲಿಸಿಕೊಳ್ತಾರೆ. ಒಂದು ಎಸ್ಟೇಟಿಗೆ ಪೂರ್ತಿ ಒಂದೇ ಕೊಡಿ. ಇನ್ನೊಂದು ಎಸ್ಟೇಟಿಗೆ ಪೂರ್ತಿ ಇನ್ನೊಂದು. ಆಗ ಯಾರ ಸಾಲಿಗೆ ಯಾರು ಕಣ್ಣು ಹಾಕೂದು?"

ನಾನು ಅವರನ್ನೇ ನೋಡಿದೆ. ಪುಸ್ತಕದಲ್ಲಿ ಓದಿದ್ದೆ, ಪಾಠವನ್ನೂ ಮಾಡಿದ್ದೆ, ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ವಿಂಗಡಿಸಲು ಆಗದ ಕಡೆ ಊರೂರನ್ನೇ ವಿಂಗಡಿಸಬೇಕು ಅಂತ. ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿಕೊಟ್ಟವಳು ನಾನೇ! ಅದು ಇಲ್ಲಿಗೆ ಅಂತ ನನಗೆ ಹೊಳೆಯಲಿಲ್ಲ, ಇವರಿಗೆ ಹೊಳೆಯಿತು.

"ಆದ್ರೆ ಎರಡು ಎಸ್ಟೇಟ್ ಸಾಲದು ರೈಟರೇ. ಏಳೆಂಟು ಬೇಕು."

"ರೈಟರುಗಳು ಎಲ್ಲ ಗುರ್ತ ಉಂಟಲ್ಲ, ನಾನು ಮಾತಾಡ್ತೇನೆ. ಆದ್ರೆ ಒಂದು. ಹತ್ತಿರ ಹತ್ತಿರದ್ದು ಬೇಡ. ಗೋಣಿಕೊಪ್ಪದ ಸಂತೆಯಲ್ಲಿ ಎಲ್ಲ ಒಂದಾಗ್ತಾರೆ, ಅಲ್ಲಿ ಗಮ್ಮು ಅದಲುಬದಲು ಆಗ್ತದೆ. ಕೆಲವು ಇಲ್ಲಿ, ಕೆಲವು ಕೊಡ್ಲಿಪೇಟೆ ಕಡೆ ತಕೊಳ್ಳಿ."

ಇನ್ನು ಒಗರಿನ ಗೋಳು. ಎರಡೂ ಗಮ್ ಒಂದೇ ರುಚಿ ಬರಲೇಬೇಕು. ಸಪ್ಪೆಯದಕ್ಕೆ ಬೇರೆ ಏನಾದರೂ ಒಗರು ಸೇರಿಸೋಣ ಅಂತ ಸಹಪಾಠಿ ಟೀ ಎಲೆ ಅಂದ, ಅದರಲ್ಲೂ ಹುಳುಕು ತಡೆಯುವ ಗುಣ ಉಂಟು. ಜ್ಯೇಷ್ಠಮಧು ಅಂದ, ಅದರಲ್ಲೂ ಉಂಟು. ಏನು ಹೆಸರು ಹೇಳಿದರೂ ಒಂದಲ್ಲ ಒಂದು ಗುಣ! ಇಷ್ಟೆಲ್ಲ ಗುಣವಿರುವ ಗಿಡಮರಗಳ ನಡುವೆ ನಮ್ಮ ಜನರ ಹಲ್ಲು ಮಾತ್ರ ಯಾಕೆ ಹೀಗೆ ಅಂತ ಇಬ್ಬರೂ ಕೂಗಾಡಿದೆವು. ಕೊನೆಗೆ ಅವನು ಪೇರಳೆ ಸಾರದ ಪುಡಿಗೆ ಸಸ್ಯಕೊಬ್ಬಿನ ತೆಳು ಹೊದಿಕೆ ಹಾಕಿದ. ಒಗರು ಒಮ್ಮೆಲೇ ನಾಲಿಗೆಗೆ ತಾಗದೆ, ಸಾರ ಜಗಿದಂತೆ ನಿಧಾನವಾಗಿ ಬಿಡುತ್ತದೆ. ಎರಡಕ್ಕೂ ಶುಂಠಿ ಏಲಕ್ಕಿಯ ಗಾಢ ಪರಿಮಳ. ರುಚಿ ನೋಡಲು ಅಕ್ಕನ ಗುಂಪನ್ನೇ ಕೂರಿಸಿದೆವು. ನಾಲ್ಕು ಸಲ ಅವರು ಬಾಯಿಗೆ ಹಾಕಿದ ತಕ್ಷಣ, ಇದು ಒಗರಿಂದು, ಇದು ಮಿಠಾಯಿ ಅಂತ ಬೇರೆ ಮಾಡಿ ಎದುರಿಗಿಟ್ಟರು. ನಾಲ್ಕು ಸಲವೂ ಸಹಪಾಠಿ ಇಡೀ ಬ್ಯಾಚನ್ನು ಚೆಲ್ಲಿದ. ಐದನೇ ಸಲ ಅಕ್ಕ ಎರಡನ್ನೂ ಬಹಳ ಹೊತ್ತು ಜಗಿದು, ಪಕ್ಕದವಳ ಮುಖ ನೋಡಿ, "ಎರಡೂ ಒಂದೇ ಥರ ಕೆಟ್ಟದಾಗಿದೆ," ಅಂದರು. ನಾವಿಬ್ಬರೂ ಕೈ ಕುಲುಕಿಕೊಂಡೆವು.

ಮತ್ತೆ ನವೆಂಬರ್ ಬಂತು. ಎಸ್ಟೇಟುಗಳ ಹೆಸರಿನ ಚೀಟಿ ಎತ್ತಿದವರು ಆಫೀಸಿನವರು, ಚೀಟಿ ಮೊಹರಿನೊಳಗೆ. ಗಮ್ ಹಂಚುವ ಮುಂಚೆ ಎಲ್ಲರ ಬಾಯಿಯನ್ನೂ ಹೊಸದಾಗಿ ನೋಡಿ ಬರೆದುಕೊಳ್ಳಬೇಕು. ಮೊದಲು ಅಕ್ಕನ ಲೈನಿಗೇ ಹೋದೆ. ನಾನು ಹೇಳುವುದು, ರೈಟರು ಬರೆದುಕೊಳ್ಳುವುದು ಅಂತ ಒಪ್ಪಂದ. ಈ ಸಲ ಅವರಿಗೆ ಒಂದೇ ಮಾತು ಹೇಳಿದ್ದೆ, ಏನು ಬದಲಾದರೂ ಅದೇ ದಿನ ನನಗೆ ಫೋನ್ ಮಾಡಬೇಕು.

ಅಕ್ಕ ಸ್ಟೂಲಿನ ಮೇಲೆ ಕೂತರು. ಎಲೆ ಅಡಿಕೆ ಮುಟ್ಟದೆ ಬಂದ ಸಿಟ್ಟು ಮುಖದ ಮೇಲೆ ಹಾಗೇ ಇತ್ತು.

"ಈ ಸಲ ನಮ್ಗೆ ಯಾವ್ದು, ನಿಜದ್ದಾ ಸುಳ್ಳಿಂದಾ?"

"ನನಗೂ ಗೊತ್ತಿಲ್ಲ ಅಕ್ಕ."

"ಸುಳ್ಳಿಂದು ಬಂದ್ರೆ?"

"ಬರಬಹುದು. ನಿಜದ್ದು ಕೆಲಸ ಮಾಡುತ್ತೆ ಅಂತ ಗೊತ್ತಾದ್ರೆ ಮೊದಲು ನಿಮ್ಮ ಲೈನಿಗೇ ತಂದುಕೊಡ್ತೀನಿ. ಕೆಲಸ ಮಾಡಲ್ಲ ಅಂತ ಗೊತ್ತಾದ್ರೆ ಅದನ್ನೂ ಬಂದು ನಾನೇ ಹೇಳ್ತೀನಿ."

ಅವರು ಸೆರಗಿನಿಂದ ತುಟಿ ಒರೆಸಿಕೊಂಡು ಬಾಯಿ ತೆಗೆದರು. ನಾನು ಕನ್ನಡಿ ಹಾಕಿ ಒಂದೊಂದನ್ನೇ ಮುಟ್ಟಿ ಎಣಿಸಿದೆ. ಹೋದ ಸಲ ಎಣಿಸಿದಾಗ ಇಪ್ಪತ್ತನಾಲ್ಕು ಇತ್ತು. ಆಮೇಲೆ ಕಿತ್ತವಳು ನಾನೇ.

"ಇಪ್ಪತ್ತಮೂರು," ಅಂದೆ.

"ಇಪ್ಪತ್ತಮೂರು," ಅಂತ ರೈಟರು ಬರೆದುಕೊಂಡರು.

ಅಕ್ಕ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ ರೈಟರ ಕಡೆ ತಿರುಗಿದರು. "ಇದ್ರಲ್ಲಿ ಇನ್ನೊಂದೂ ಕಮ್ಮಿ ಆಗ್ಬಾರ್ದು. ಅದನ್ನೂ ಬರ್ಕೊಳ್ಳಿ."

ರೈಟರು ನನ್ನ ಮುಖ ನೋಡಿದರು. ಬರೆಯಿರಿ ಅಂತ ನಾನು ತಲೆಯಾಡಿಸಿದೆ. ಅವರು ತಲೆ ತಗ್ಗಿಸಿ, ಇಪ್ಪತ್ತಮೂರರ ಮುಂದೆ, ಗೆರೆ ದಾಟದ ಹಾಗೆ, ಅದನ್ನೂ ಬರೆದುಕೊಂಡರು.